ಹಳೇ ಮುರಿತದ ಕಣಕಾಲು ಈಗ ನೋಯ್ತಿದೆ, ಇದೂ ಸಂಧಿವಾತವೇ?

ಪ್ರಶ್ನೆ:
ನನಗೆ 46 ವರ್ಷ. 19 ವರ್ಷದ ಹಿಂದೆ ಬೈಕಿನಿಂದ ಬಿದ್ದು ಬಲ ಕಣಕಾಲು ಮುರಿದಿತ್ತು, ಪ್ಲೇಟು, ಸ್ಕ್ರೂ ಹಾಕಿದ್ದರು. ಆಮೇಲೆ ಅದನ್ನು ಮರೆತೇಬಿಟ್ಟಿದ್ದೆ. ಈಗ ಎಂಟು ತಿಂಗಳಿಂದ ಬೆಳಗ್ಗೆ ಎದ್ದು ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದೇ ಇಡಬೇಕು. ಕಾಲು ಗಂಟೆಯಲ್ಲಿ ಸಡಿಲವಾಗುತ್ತೆ. ಏರು ಹತ್ತುವಾಗ ಕೀಲಿನ ಮುಂದೆ ಹಿಡಿದುಕೊಳ್ಳುತ್ತೆ, ಸಂಜೆ ಊದಿ ಕಾಲುಚೀಲದ ಅಂಚು ಚರ್ಮದಲ್ಲಿ ಅಚ್ಚೊತ್ತಿರುತ್ತೆ. ಡಾಕ್ಟರು ಸಂಧಿವಾತ ಅಂದರು. ವಯಸ್ಸಾದವರ ಮಂಡಿಗೆ ಬರೋದು ನನಗೆ ಇಲ್ಲಿ ಹೇಗೆ ಬಂತು?

ಉತ್ತರ 1:
ನನ್ನ ಎಡ ಕಣಕಾಲಿನದೂ ಇದೇ ಕಥೆ, 12 ವರ್ಷವಾಯ್ತು. ಇಲ್ಲಿ ಸಂಧಿವಾತ ಅಂದರೆ ಕೀಲು ಸವೆಯೋದು. ಮಂಡಿ ಹೆಚ್ಚಾಗಿ ವಯಸ್ಸಿನ ಜೊತೆ ಸವೆಯುತ್ತೆ. ಕಣಕಾಲು ತಾನಾಗಿ ಸವೆಯೋದು ಅಪರೂಪ, ಬಹುಪಾಲು ಹಳೇ ಮುರಿತ ಅಥವಾ ಪದೇಪದೇ ಆದ ಉಳುಕೇ ಕಾರಣ. ಅಲ್ಲಿನ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಯ ತುದಿಗಿರೋ ನುಣುಪಾದ ಹೊದಿಕೆ, ತೀರಾ ತೆಳು, 1ರಿಂದ 2 ಮಿಲಿಮೀಟರ್. ಮೂಳೆ ಕೂಡುವಾಗ ಒಂದೆಳೆ ಆಚೀಚೆ ಆದರೂ ಮೈಭಾರವೆಲ್ಲ ಒಂದೇ ಕಡೆ ಬೀಳುತ್ತೆ. ನೋವು ಕಾಣಿಸಿಕೊಳ್ಳೋದು ಎಷ್ಟೋ ವರ್ಷ ಕಳೆದ ಮೇಲೆ.

ಒಂದು ಮಾತು ದಯವಿಟ್ಟು ಕೇಳಿ: ಎಕ್ಸ್‌ರೇ ನಿಂತುಕೊಂಡೇ ತೆಗೆಸಿ. ನನಗೆ ಮೊದಲು ಮಲಗಿಸಿ ತೆಗೆದು "ಏನೂ ಇಲ್ಲ" ಅಂದುಬಿಟ್ಟರು. ಒಂದು ವರ್ಷ ಹಾಗೇ ಹೋಯ್ತು. ನಿಂತು ತೆಗೆದಾಗ ಹೊರಬದಿಯಲ್ಲಿ ಮೂಳೆಗೆ ಮೂಳೆ ತಾಗಿತ್ತು.

ನನಗೆ ಹೆಚ್ಚು ನೆರವಾದದ್ದು ದೋಣಿಯ ತಳದ ಹಾಗೆ ಬಾಗಿದ ಅಟ್ಟೆಯ ಶೂ. ಕೀಲು ಮಡಚೋ ಕೆಲಸದಲ್ಲಿ ಸ್ವಲ್ಪವನ್ನು ಅಟ್ಟೆಯೇ ಮಾಡುತ್ತೆ. ಜೊತೆಗೆ ಕಣಕಾಲಿಗೆ ಆಸರೆಯಾಗಿ ಲೇಸು ಬಿಗಿಯೋ ಪಟ್ಟಿ (ಬ್ರೇಸ್), ಮೀನಖಂಡಕ್ಕೆ ವ್ಯಾಯಾಮ. ಸ್ಟೀರಾಯ್ಡ್ ಇಂಜೆಕ್ಷನ್ ಎರಡು ತಿಂಗಳು ನೋವು ತಡೆಯಿತು, ಅಷ್ಟೇ.

ಉತ್ತರ 2:
ಇವೆಲ್ಲ ಸಾಲದೆ ನಾನು ಮೂರು ವರ್ಷದ ಹಿಂದೆ ಆಪರೇಷನ್ ಮಾಡಿಸಿ ಕಣಕಾಲಿನ ಕೀಲಿನ ಮೂಳೆಗಳನ್ನು ಒಂದಾಗಿ ಬೆಸೆಸಿಕೊಂಡೆ. ಆ ಕೊರೆಯೋ ನೋವು ಹೋಯ್ತು. ಪಾದ ಮೇಲೆ ಕೆಳಗೆ ಆಡೋದು ಬಹುತೇಕ ನಿಂತಿದೆ, ಅಕ್ಕಪಕ್ಕ ವಾಲೋದು ಕೆಳಗಿನ ಕೀಲಿನಿಂದ ಇನ್ನೂ ಇದೆ. ಸಮನೆಲದಲ್ಲಿ ಕುಂಟೋದು ಯಾರಿಗೂ ತಿಳಿಯಲ್ಲ. ಇಳಿಜಾರು ಮಾತ್ರ ಕಷ್ಟ. ಪಕ್ಕದ ಕೀಲುಗಳ ಮೇಲೆ ಹೊರೆ ಬಿದ್ದು ಮುಂದೆ ಅವೂ ಸವೆಯಬಹುದು ಅಂತ ಮೊದಲೇ ಹೇಳಿದ್ದರು. ಕೃತಕ ಕೀಲು ಹಾಕೋದೂ ಉಂಟು, ಎರಡನ್ನೂ ಕೇಳಿಕೊಂಡೇ ತೀರ್ಮಾನ ಮಾಡಿ.

ಉತ್ತರ 3:
ರಾತ್ರೋರಾತ್ರಿ ಕೆಂಪಾಗಿ, ಬಿಸಿಯಾಗಿ, ಮುಟ್ಟೋಕೂ ಆಗದಷ್ಟು ಊದಿದರೆ ಅದು ಸವೆತ ಅಂತ ಸುಮ್ಮನಿರಬೇಡಿ. ಯೂರಿಕ್ ಆಮ್ಲ ಕೀಲಿನಲ್ಲಿ ಹರಳುಗಟ್ಟಿ ಬರೋ ಗೌಟ್ ಇರಬಹುದು, ಸೋಂಕೂ ಇರಬಹುದು. ಜ್ವರ ಇದ್ದರೆ ಅವತ್ತೇ ತೋರಿಸಿ. ಬೆಳಗಿನ ಬಿಗಿತ ಗಂಟೆಗಟ್ಟಲೆ ಇದ್ದು ಕೈಬೆರಳೂ ಊದಿದರೆ ಅದು ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳೋ ರುಮಟಾಯ್ಡ್ ಸಂಧಿವಾತ ಇರಬಹುದು, ಅದರ ಔಷಧಿಯೇ ಬೇರೆ.

ಪ್ರಶ್ನೆ ಕೇಳಿದವರು:
ನನ್ನ ಎಕ್ಸ್‌ರೇ ಫಿಲ್ಮ್ ಹೊರತೆಗೆದು ನೋಡಿದೆ. ನನ್ನದೂ ಮಲಗಿಸಿ ತೆಗೆದದ್ದೇ. ಸೋಮವಾರ ನಿಂತು ತೆಗೆಸ್ತೀನಿ.