ಅಪ್‌ಡೇಟ್: ಹನ್ನೊಂದು ಸೆಲ್ಫ್ ಹೆಲ್ಪ್ ಬುಕ್ ಓದಿದ್ರೂ ಬದಲಾಗ್ಲಿಲ್ಲ ಅಂದಿದ್ನಲ್ಲ

ನಾಲ್ಕು ತಿಂಗಳ ಹಿಂದೆ ಕೇಳಿದ್ದೆ, ಹನ್ನೊಂದು ಬುಕ್ ಓದಿ ಎಲ್ಲದಕ್ಕೂ ಹೈಲೈಟರ್ ಎಳ್ದಿದೀನಿ, ಆದ್ರೂ ಸಂಬಳ ಹತ್ತನೇ ತಾರೀಕಿಗೇ ಖಾಲಿ, ಏನ್ಮಾಡ್ಲಿ ಅಂತ. ಒಬ್ರು 'ಹೊಸ ಬುಕ್ ನಿಲ್ಸಿ, ಓದಿದ್ರಲ್ಲಿ ಒಂದೇ ಒಂದು ಮಾಡಿ, ಅದೂ ಎರಡು ನಿಮಿಷದ್ದು' ಅಂದ್ರು.

ಬೈಕೊಂಡೇ ಶುರು ಮಾಡ್ದೆ. ಬೆಳಗ್ಗೆ ಫಿಲ್ಟರ್‌ಗೆ ಬಿಸಿನೀರು ಹಾಕಿ ಡಿಕಾಕ್ಷನ್ ಇಳಿಯೋ ಹೊತ್ತಲ್ಲಿ ಹಿಂದಿನ ದಿನದ ಖರ್ಚು ಬರೆಯೋದು, ಅಷ್ಟೇ. ನೋಟ್‌ಬುಕ್ ಕಾಫಿಪುಡಿ ಡಬ್ಬಿ ಮೇಲೇ ಇರುತ್ತೆ, ಮೊದಲ ಪುಟ ಪೂರ್ತಿ ಕಂದು ಕಲೆ. 21 ದಿನಕ್ಕೆ ಅಭ್ಯಾಸ ಆಗುತ್ತೆ ಅಂತ ನಂಬಿದ್ದೆ, 22ನೇ ದಿನ ಮರ್ತೇಬಿಟ್ಟೆ! ಆಮೇಲೆ ಗೊತ್ತಾಯ್ತು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನೋರು 96 ಜನರ ಮೇಲೆ ಸ್ಟಡಿ ಮಾಡಿದಾಗ 66 ದಿನದ ಆಸುಪಾಸು ಬಂದಿತ್ತಂತೆ, ಕೆಲವ್ರಿಗೆ 18, ಕೆಲವ್ರಿಗೆ 254ರ ತನಕ, ಮಧ್ಯೆ ಒಂದಿನ ತಪ್ಪಿದ್ರೂ ಏನೂ ಮುಳುಗಲ್ವಂತೆ.

ಡಿಸೆಂಬರಲ್ಲಿ ಮಾವನ ತೋಟದಲ್ಲಿ ಕಾಫಿ ಕುಯ್ಲು ಅಂತ ಮೂಡಿಗೆರೆಗೆ ಹೋಗಿ ವಾರ ತಪ್ತು, ಬಂದ್ಮೇಲೆ ಮತ್ತೆ ಹಿಡ್ದೆ. ಲೆಕ್ಕ ಕೂಡಿದ್ರೆ ಎಂ.ಜಿ. ರೋಡಲ್ಲಿ ಸಂಜೆ ತಿಂಡಿಗೇ ತಿಂಗ್ಳಿಗೆ 2,400 ರೂಪಾಯಿ! ಈಗ ಸಂಬಳ 22ರ ತನಕ ಎಳಿತಿದೆ. ಐದು ಗಂಟೆಗೆ ಏಳೋದು, ಧ್ಯಾನ, ಎಲ್ಲ ಕೈಬಿಟ್ಟೆ, ಚಿಕ್ಕಮಗಳೂರು ಚಳೀಲಿ ಅದೆಲ್ಲ ಆಗ್ದಿರೋ ಮಾತು. ಬುಕ್ಸ್ ಅಟ್ಟ ಸೇರಿವೆ, ರದ್ದಿಗೆ ಹಾಕ್ಲೇನೋ ಅಂತ ಅಮ್ಮ ಎರಡು ಸಲ ಕೇಳಾಯ್ತು.