ಎಡಿನ್‌ಬರಾಗೆ ಮೂರು ಟಿಕೆಟ್

ನಮ್ಮ ಗೆಳೆಯನೊಬ್ಬ ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ ಮನೆ ಕೊಂಡಿದ್ದಾನೆ. ಭಾನುವಾರ ಬೆಳಗ್ಗೆ ಗೃಹಪ್ರವೇಶ. ಬರಲೇಬೇಕು ಅಂತ ಎರಡು ತಿಂಗಳ ಹಿಂದೆಯೇ ಹೇಳಿದ್ದ. ಹೋಗಲೇಬೇಕು ಅಂತ ನಾವೂ ಎರಡು ತಿಂಗಳಿಂದ ಹೇಳಿಕೊಳ್ಳುತ್ತಲೇ ಇದ್ದೆವು. ಟಿಕೆಟ್ ಮಾತ್ರ ತೆಗೆದಿರಲಿಲ್ಲ. ಇನ್ನು ಹದಿನೈದು ದಿನ ಉಳಿದಿದೆ ಅನ್ನುವಾಗ ಲಂಡನ್ನಿನ ಹ್ಯಾರೋದಲ್ಲಿ ಪದ್ಮಕ್ಕನ ಮನೆಯಲ್ಲಿ ಸಭೆ ಸೇರಿತು. ನಾನು, ಕಿಟ್ಟಿ, ಶೆಟ್ರು. ಪದ್ಮಕ್ಕ ಅಡುಗೆಮನೆಯಲ್ಲಿ ಮೆಣಸಿನಕಾಯಿ ಬೋಂಡ ಕರಿಯುತ್ತಿದ್ದರು. "ಬಾಗಿಲು ಹಾಕ್ಕೊಳ್ರೋ, ಹೊಗೆ ಅಲಾರಂ ಹೊಡ್ಕೊಳ್ಳುತ್ತೆ," ಅಂತ ಒಳಗಿನಿಂದ ಕೂಗಿದರು. ಹೊರಗೆ ಮಳೆ. ಈ ಊರಲ್ಲಿ ಅದನ್ನು ಬೇರೆ ಹೇಳಬೇಕಾಗಿಲ್ಲ, ಅಭ್ಯಾಸಬಲ.

ಕಿಟ್ಟಿ ಫೋನ್ ತೆಗೆದ. "ಶನಿವಾರ ಬೆಳಗ್ಗೆ, ಕಿಂಗ್ಸ್ ಕ್ರಾಸ್‌ನಿಂದ. ಒಬ್ಬರಿಗೆ 71 ಪೌಂಡು."

"ನಿನ್ನೆ ನಾನು ನೋಡುವಾಗ 52 ಇತ್ತಲ್ಲ ಮಾರಾಯ!" ಎಂದರು ಶೆಟ್ರು.

"ನಿನ್ನೆನೇ ತಗೋಬೇಕಿತ್ತು ಶೆಟ್ರೇ."

"ನೀನೇ ಅಲ್ವಾ ಇನ್ನೂ ಇಳಿಯುತ್ತೆ ಅಂದದ್ದು?"

ಇಳಿಯೋಕೆ ಅದೇನು ಟೊಮೇಟೊನಾ? ನಮ್ಮ ಊರಲ್ಲಾದರೆ ರೈಲಿನ ಚಾರ್ಜು ಅಂದರೆ ದೂರದ ಲೆಕ್ಕ. ಇಷ್ಟು ಕಿಲೋಮೀಟರ್, ಈ ಕ್ಲಾಸು, ಇಷ್ಟು ದುಡ್ಡು. ಇಲ್ಲಿ ದೂರ ಯಾರಿಗೂ ಬೇಕಾಗಿಲ್ಲ. ನೀನು ಯಾವತ್ತು ಟಿಕೆಟ್ ತೆಗೆದೆ, ಎಷ್ಟು ಹೊತ್ತಿಗೆ ಹೊರಡ್ತೀಯ, ನಿನಗೆ ಎಷ್ಟು ಅರ್ಜೆಂಟಿದೆ, ಅದರ ಮೇಲೆ ರೇಟು. ಅಡ್ವಾನ್ಸ್ ಟಿಕೆಟ್ ಸುಮಾರು 12 ವಾರ ಮೊದಲೇ ಮಾರಾಟಕ್ಕೆ ಬರುತ್ತದೆ. ಅಗ್ಗದ ಸೀಟು ಮುಗಿದಂತೆ ರೇಟು ಏರುತ್ತದೆ. ಅದು ಆ ಒಂದು ರೈಲಿಗೆ ಮಾತ್ರ, ಆ ರೈಲು ತಪ್ಪಿಸಿಕೊಂಡರೆ ಕೈಯಲ್ಲಿರುವುದು ಬರೀ ಕಾಗದ. ಯಾವ ರೈಲಾದರೂ ಹತ್ತಬಹುದಾದ ಎನಿಟೈಮ್ ಅಂತಲೂ ಒಂದಿದೆ. ಅದರ ರೇಟು ನೋಡಿದರೆ ಯಾವ ಟೈಮಿನಲ್ಲೂ ಹೋಗೋದು ಬೇಡ ಅನ್ನಿಸುತ್ತದೆ.

"ಲೂಮೋದಲ್ಲಿ ನೋಡು," ಎಂದೆ. 2021ರಲ್ಲಿ ಶುರುವಾದ ರೈಲು. ಒಂದೇ ಕ್ಲಾಸು, ಕರೆಂಟಲ್ಲಿ ಓಡುತ್ತೆ, ರೇಟು ಕಮ್ಮಿ.

"ನೋಡಿದೆ. ನಮಗೆ ಬೇಕಾದ ಹೊತ್ತಿಂದು ಖಾಲಿ."

"ಸೀಟು ಖಾಲಿ ಇದ್ರೆ ತಗೊಳ್ಳೋ ಮತ್ತೆ!" ಎಂದರು ಶೆಟ್ರು.

"ಖಾಲಿ ಅಂದ್ರೆ ಟಿಕೆಟ್ ಖಾಲಿ ಶೆಟ್ರೇ. ಸೀಟು ಫುಲ್ಲು."

ಕಿಟ್ಟಿಗೂ ಶೆಟ್ರಿಗೂ ಸೇರಿ ಒಂದು ರೈಲ್‌ಕಾರ್ಡ್ ಇದೆ. ಟೂ ಟುಗೆದರ್ ಅಂತ ಅದರ ಹೆಸರು. ವರ್ಷಕ್ಕೆ 35 ಪೌಂಡು. ಕಾರ್ಡಿನಲ್ಲಿ ಇಬ್ಬರ ಫೋಟೋವೂ ಅಕ್ಕಪಕ್ಕ, ಲಗ್ನಪತ್ರಿಕೆಯ ವಧೂವರರ ಹಾಗೆ. ಇಬ್ಬರೂ ಜೊತೆಯಾಗಿಯೇ ಹೋದರೆ ಮಾತ್ರ ಮೂರರಲ್ಲಿ ಒಂದು ಪಾಲು ಕಡಿತ. ಶೆಟ್ರು ಬರಲ್ಲ ಅಂದರೆ ಕಿಟ್ಟಿಯ ರಿಯಾಯಿತಿಯೂ ಹೋಯಿತು. ಹಾಗಾಗಿ ಊರಿಗೆಲ್ಲ ಬಯ್ಯುವ ಕಿಟ್ಟಿ ಶೆಟ್ರನ್ನು ಮಾತ್ರ ಮದುಮಗಳಂತೆ ನೋಡಿಕೊಳ್ಳುತ್ತಾನೆ. ನನಗೆ ಯಾವ ಕಾರ್ಡೂ ಹೊಂದುವುದಿಲ್ಲ. ವಯಸ್ಸು 30 ದಾಟಿ ಬಹಳ ಕಾಲವಾಯಿತು, 60 ಬರಲು ಇನ್ನೂ ಬಹಳ ಕಾಲವಿದೆ. ಜೊತೆಗೆ ಫೋಟೋ ತೆಗೆಸಿಕೊಳ್ಳುವವರೂ ಇಲ್ಲ.

"ಸ್ಪ್ಲಿಟ್ ಮಾಡುವ," ಎಂದರು ಶೆಟ್ರು, ಎರಡನೇ ಬೋಂಡ ಮುರಿಯುತ್ತಾ. ಬೋಂಡದ ಮಾತಲ್ಲ, ಟಿಕೆಟ್ಟಿನ ಮಾತು. ಒಂದೇ ಉದ್ದದ ಟಿಕೆಟ್ ತೆಗೆಯುವ ಬದಲು ದಾರಿಯನ್ನು ತುಂಡು ಮಾಡಿ ಎರಡು ಮೂರು ಟಿಕೆಟ್ ತೆಗೆದರೆ ಎಷ್ಟೋ ಸಲ ಅಗ್ಗವಾಗುತ್ತದೆ. ಕಾನೂನಿಗೆ ವಿರುದ್ಧವೇನಲ್ಲ. ತುಂಡು ಮಾಡಿದ ಸ್ಟೇಷನ್ನಿನಲ್ಲಿ ಆ ರೈಲು ನಿಲ್ಲಬೇಕು, ಅಷ್ಟೇ. ನೀವು ಇಳಿಯಬೇಕಾಗಿಲ್ಲ.

ಇದು ಶೆಟ್ರ ತಾಯಿಗೆ ಕೊನೆಗೂ ಅರ್ಥವಾಗಲಿಲ್ಲ. ಆಗ ಶೆಟ್ರು ಬ್ರಿಸ್ಟಲ್‌ನಲ್ಲಿದ್ದರು. ಕುಂದಾಪುರದಿಂದ ಬಂದ ತಾಯಿಯನ್ನು ಲಂಡನ್ ತೋರಿಸಲು ಕರೆದುಕೊಂಡು ಹೊರಟರು. ಬ್ರಿಸ್ಟಲ್‌ನಿಂದ ಡಿಡ್‌ಕಾಟ್‌ಗೆ ಒಂದು ಟಿಕೆಟ್, ಡಿಡ್‌ಕಾಟ್‌ನಿಂದ ಪ್ಯಾಡಿಂಗ್ಟನ್‌ಗೆ ಇನ್ನೊಂದು. ಈ ಜಾಣತನವನ್ನು ಹೆಮ್ಮೆಯಿಂದ ತಾಯಿಗೆ ವಿವರಿಸಿದ್ದೇ ತಪ್ಪಾಯಿತು. ಡಿಡ್‌ಕಾಟ್ ಬಂತು. ತಾಯಿ ಎದ್ದು ನಿಂತರು. ಕೈಯಲ್ಲಿ ಚೀಲ, ಚೀಲದಲ್ಲಿ ಬುತ್ತಿ.

"ಇಳಿ ಮಗ, ಟಿಕೆಟ್ ಮುಗೀತಲ್ಲ."

"ಇನ್ನೊಂದು ಟಿಕೆಟ್ ಇದೆ ಅಮ್ಮ, ಕೂತ್ಕೋ."

"ಅದಕ್ಕೆ ಇಲ್ಲಿಂದ ಹತ್ತಬೇಕಲ್ಲ? ಇಳಿಯದೆ ಹತ್ತೋದು ಹೇಗೆ?"

ವಾದದಲ್ಲಿ ತಪ್ಪಿಲ್ಲ ನೋಡಿ. ಶೆಟ್ರು ಚೀಲ ಹಿಡಿದು ಎಳೆದರು, ತಾಯಿ ಬಾಗಿಲ ಕಡೆಗೆ ಎಳೆದರು. ಎದುರಿನವರು ಪೇಪರ್ ಕೆಳಗಿಳಿಸಿ ನೋಡಿದರು. ಸಾಲದ್ದಕ್ಕೆ ಎರಡನೇ ಟಿಕೆಟ್ಟಿಗೆ ಬೇರೆ ಬೋಗಿಯಲ್ಲಿ ಸೀಟು ಸಿಕ್ಕಿತ್ತು. ರೈಲು ಹೊರಟ ಮೇಲೆ ಶೆಟ್ರೇ ತಾಯಿಯನ್ನು ಎಬ್ಬಿಸಿ ನಡೆಸಿಕೊಂಡು ಹೋಗಬೇಕಾಯಿತು. "ನಾನು ಆಗಲೇ ಹೇಳಲಿಲ್ವಾ ಏಳಬೇಕು ಅಂತ?" ಎಂದರಂತೆ ತಾಯಿ. ಚೆಕಿಂಗಿನವನು ಬಂದಾಗ ಶೆಟ್ರು ಟಿಕೆಟ್‌ಗಳನ್ನು ರಮ್ಮಿ ಎಲೆಯಂತೆ ಹರಡಿ ಹಿಡಿದರು. ಅವನು ಸುಮ್ನೆ ನಕ್ಕು ಮುಂದೆ ಹೋದ. ತಾಯಿಗೆ ಮಾತ್ರ ಪ್ಯಾಡಿಂಗ್ಟನ್ ಬರುವವರೆಗೂ ಎದೆ ಡವಡವ.

"ಅಗ್ಗದ ಮಾತು ಆಯ್ತು. ಟೈಮಿಗೆ ಸರಿಯಾಗಿ ಹೋಗುತ್ತಾ ಅನ್ನೋದು?" ಎಂದೆ. ಎಲೆ ಉದುರುವ ಕಾಲ ಬೇರೆ. ಒದ್ದೆ ಎಲೆ ಹಳಿಯ ಮೇಲೆ ಬಿದ್ದು, ಚಕ್ರದಡಿ ಅರೆದು, ಲೋಳೆಯಂತೆ ಅಂಟಿಕೊಂಡು ಚಕ್ರ ಜಾರುತ್ತದೆ. ನಮ್ಮಲ್ಲಿ ರೈಲು ನಿಲ್ಲಿಸೋಕೆ ಒಂದು ಎಮ್ಮೆಯಾದರೂ ಬೇಕು. ಇಲ್ಲಿ ಎಲೆ ಸಾಕು. 1991ರಲ್ಲಿ ಹಿಮ ಬಿದ್ದು ರೈಲುಗಳು ಕೆಟ್ಟು ನಿಂತಾಗ, ಈ ಸಲದ ಹಿಮ ಬೇರೆ ಥರದ್ದು ಎಂಬ ಸಮಜಾಯಿಷಿ ಬಂದಿತ್ತು. ಪುಡಿಪುಡಿ ಹಿಮ ಮೋಟಾರಿನೊಳಗೆ ನುಗ್ಗಿತ್ತು ಅನ್ನುವುದು ನಿಜವೇ. ಆದರೂ ಜನ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

"ಎಲ್ಲ ಪಾಲಾದದ್ದರಿಂದ ಮಾರಾಯ," ಎಂದರು ಶೆಟ್ರು. 1993ರಲ್ಲಿ ಕಾನೂನು ಮಾಡಿ ರೈಲ್ವೆಯನ್ನು ಖಾಸಗಿಗೆ ಕೊಟ್ಟರಲ್ಲ, ಆ ಮಾತು. ಹಳಿ ಒಬ್ಬರದ್ದು, ಓಡಿಸುವವರು ಇನ್ನೊಬ್ಬರು, ಬೋಗಿ ಬಾಡಿಗೆಗೆ ಕೊಡುವವರು ಮತ್ತೊಬ್ಬರು. "ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಬಾವಿ ಒಬ್ಬನಿಗೆ, ಹಗ್ಗ ಒಬ್ಬನಿಗೆ, ಕೊಡಪಾನ ಒಬ್ಬನಿಗೆ ಕೊಟ್ಟ ಹಾಗೆ. ನೀರು ಸೇದೋದು ಯಾರು?" ಈಗ 2025ರ ಮೇ ತಿಂಗಳಿಂದ ಒಂದೊಂದೇ ಕಂಪನಿಯನ್ನು ಸರ್ಕಾರ ಮತ್ತೆ ತನ್ನ ಕೈಗೆ ತೆಗೆದುಕೊಳ್ಳುತ್ತಿದೆ. ಒಡೆದ ಮನೆಯನ್ನು ಮತ್ತೆ ಕೂಡು ಕುಟುಂಬ ಮಾಡುತ್ತಾರಂತೆ.

"ತಡ ಆದ್ರೆ ನನಗೇನೂ ಬೇಜಾರಿಲ್ಲಪ್ಪ," ಎಂದ ಕಿಟ್ಟಿ.

ಆಗುವುದೂ ಇಲ್ಲ. ಡಿಲೇ ರೀಪೇ ಅನ್ನುವ ಪರಿಹಾರದ ಮೇಲೆ ಅವನಿಗೆ ಅಪಾರ ಭಕ್ತಿ. ಹೆಚ್ಚಿನ ಕಂಪನಿಗಳಲ್ಲಿ 15 ನಿಮಿಷ ತಡವಾದರೆ ಒಂದು ದಿಕ್ಕಿನ ಟಿಕೆಟ್ಟಿನ ಕಾಲು ಭಾಗ ವಾಪಸ್, 30 ನಿಮಿಷಕ್ಕೆ ಅರ್ಧ, 60 ಆದರೆ ಪೂರ್ತಿ. ಹೋದ ವರ್ಷ ಎಲ್ಲಿಂದಲೋ ಲಂಡನ್ನಿಗೆ ಬರುವಾಗ ಅವನ ರೈಲು ತಡವಾಯಿತು. ಯಾವ ಕಂಪನಿಯದ್ದೋ ಬಿಡಿ. 55 ನಿಮಿಷ ತಡವಾಗಿ ಲಂಡನ್ ಹತ್ತಿರ ಬಂದು, ಸ್ಟೇಷನ್ನಿನ ಹೊರಗೆ ಕೆಂಪು ದೀಪಕ್ಕೆ ನಿಂತಿತು. ಕಿಟ್ಟಿ ಎದ್ದು ನಿಂತ. 56. 57. ಪರ್ಸಿನಲ್ಲಿದ್ದ ರಾಯರ ಫೋಟೋ ತೆಗೆದು ಕಣ್ಣಿಗೊತ್ತಿಕೊಂಡ. ರೈಲು ಬೇಗ ಹೊರಡಲಿ ಅಂತ ಹರಕೆ ಹೊತ್ತವರನ್ನು ನೋಡಿದ್ದೇನೆ. ಇನ್ನು ಮೂರು ನಿಮಿಷ ಅಲ್ಲಾಡದಿರಲಿ ಅಂತ ಹೊತ್ತವನು ಇವನೊಬ್ಬನೇ. ಎದುರಿಗಿದ್ದ ಅಜ್ಜಿ ಪದಬಂಧ ಬಿಟ್ಟು ಇವನ ಮುಖ ನೋಡಿದರು. ಪಾಪ, ಯಾರಿಗೋ ಹುಷಾರಿಲ್ಲ ಅಂದುಕೊಂಡರು. "ಹೆದರಬೇಡಪ್ಪ, ಇನ್ನೇನು ತಲುಪಿಬಿಡ್ತೀವಿ," ಎಂದರು.

"ಅದೇ ನನ್ನ ಭಯ ಅಜ್ಜಿ," ಎಂದನಂತೆ ಕಿಟ್ಟಿ, ಕನ್ನಡದಲ್ಲಿ.

58ಕ್ಕೆ ರೈಲು ಮಿಸುಕಿತು. 59ಕ್ಕೆ ಪ್ಲಾಟ್‌ಫಾರಂ. ಎಲ್ಲರೂ ನಿಟ್ಟುಸಿರು ಬಿಟ್ಟರು, ಇವನದ್ದು ಬೇರೆ ನಿಟ್ಟುಸಿರು. ಅರ್ಧ ದುಡ್ಡು ಬಂತು. ಬಂದ ಅರ್ಧದ ಸುದ್ದಿ ಇವತ್ತಿಗೂ ಎತ್ತುವುದಿಲ್ಲ, ಬರದ ಅರ್ಧದ ಕಥೆಯನ್ನು ನಮಗೆ ನೂರು ಸಲ ಹೇಳಿದ್ದಾನೆ.

"ಕೋಚಲ್ಲಿ ಹೋಗಬಹುದಲ್ರೋ," ಎಂದರು ಪದ್ಮಕ್ಕ ಒಳಗಿನಿಂದ. ಕೋಚ್ ಅಂದರೆ ಇಲ್ಲಿ ರೈಲಿನ ಬೋಗಿಯಲ್ಲ, ದೂರದ ಊರಿಗೆ ಹೋಗುವ ಬಸ್ಸು.

"ರಾತ್ರಿಯಿಡೀ ಒಂಬತ್ತು ತಾಸು ಕೂತ್ಕೊಂಡಾ?" ಎಂದೆವು ಮೂವರೂ. ರೈಲಿಗಾದರೆ ನಾಲ್ಕೂವರೆ ತಾಸು. 2003ರಲ್ಲಿ ಮೆಗಾಬಸ್ ಶುರುವಾದಾಗ 1 ಪೌಂಡಿಗೂ ಸೀಟು ಇತ್ತು ಅಂತ ಶೆಟ್ರು ಹಳೇ ಕಾಲ ನೆನೆದರು. ಕೋಚಿಗೆ ನಾನು ವಿರೋಧಿಯಲ್ಲ. ವಿಕ್ಟೋರಿಯಾ ಕೋಚ್ ಸ್ಟೇಷನ್ 1932ರ ಕಟ್ಟಡ, ಹೊರಗಿನಿಂದ ನೋಡಲು ಚೆನ್ನ. ಒಳಗೆ ರಾತ್ರಿ ಹನ್ನೊಂದಕ್ಕೆ ಹೋದರೆ ನಮ್ಮ ಮೆಜೆಸ್ಟಿಕ್ಕೇ. ಸೂಟ್‌ಕೇಸಿನ ಮೇಲೆ ಮಲಗಿದವರು, ಗೇಟು ಯಾವುದು ಅಂತ ಓಡುವವರು. ಆದರೆ ನನಗೆ ಸಿಗುವುದು ಯಾವಾಗಲೂ ಟಾಯ್ಲೆಟ್ ಪಕ್ಕದ ಸೀಟು. ರಾತ್ರಿಯೆಲ್ಲ ಎದ್ದು ಬರುವವರಿಗೆ ಕಾಲು ಮಡಚಿ ದಾರಿ ಬಿಡುವ ದ್ವಾರಪಾಲಕ ನಾನು.

ಹೀಗೆ ಮಾತಾಡುತ್ತಾ ಎರಡು ಗಂಟೆಯಾಯಿತು. ಕಿಟ್ಟಿ ಮತ್ತೆ ಫೋನ್ ನೋಡಿದ. 71 ಹೋಗಿ 78 ಆಗಿತ್ತು. ನಾವು ಹರಟಿದ್ದಕ್ಕೆ ಬಿದ್ದ ಬಾಡಿಗೆ, ತಲೆಗೆ 7 ಪೌಂಡು. ಇನ್ನು ಮಾತು ಬೇಡ ಅಂತ ಹೋಗಿ ಬರುವ ಟಿಕೆಟ್ ಮೂರೂ ತೆಗೆದೆವು.

ಪದ್ಮಕ್ಕ ಚಹಾ ತಂದಿಟ್ಟರು. "ಭಾನುವಾರ ಹಳಿ ರಿಪೇರಿ ಇದ್ಯಾ ನೋಡಿದ್ರಾ?"

ಮೂವರೂ ಮುಖ ಮುಖ ನೋಡಿಕೊಂಡೆವು. ಇತ್ತು. ವಾಪಸ್ ಬರುವಾಗ ನ್ಯೂಕ್ಯಾಸಲ್‌ನಿಂದ ಯಾರ್ಕ್‌ವರೆಗೆ ರೈಲಿಲ್ಲ, ಅದರ ಬದಲು ಬಸ್ಸು. ಬಸ್ಸು ಬೇಡ ಅಂತ ಜಾಸ್ತಿ ದುಡ್ಡು ಕೊಟ್ಟು ಬಸ್ಸನ್ನೇ ಕೊಂಡಿದ್ದೆವು.

"ನೀವು ಹೇಗೆ ಬರ್ತೀರ ಅಕ್ಕ?" ಎಂದೆ.

"ಅವನು ಕರೆದ ದಿನವೇ ಕೋಚ್ ಟಿಕೆಟ್ ತೆಗೆದೆ. ಮುಂದಿನ ಸೀಟು."

ಶೆಟ್ರು ಬೋಂಡ ಕೆಳಗಿಟ್ಟರು. ಕಿಟ್ಟಿಯ ಮುಖದಲ್ಲಿ ಮಾತ್ರ ಮೆಲ್ಲಗೆ ಕಳೆ ಏರುತ್ತಿತ್ತು.

"ಭಾನುವಾರ ಸಂಜೆ ಆ ರಸ್ತೆಯಲ್ಲಿ ಟ್ರಾಫಿಕ್ ಜೋರಿರುತ್ತೆ, ಅಲ್ವಾ?" ಎಂದ.