6 ತಿಂಗಳ ಕೂಸನ್ನ ದಿಂಬು ಇಟ್ಟು ಕೂಡಿಸಬೇಕೋ ಬ್ಯಾಡೋ? ಪಿಕ್ಲರ್, ಮಾಂಟೆಸ್ಸರಿ ಎರಡರಾಗ ಯಾವುದು?

ಹುಬ್ಬಳ್ಳಿ_ಅವ್ವ
ಮಗಳಿಗೆ 6 ತಿಂಗಳು ತುಂಬ್ಯಾವ. ಎರಡೂ ಕಡೆ ಹೊಳ್ಳತಾಳ, ತಾನಾಗಿ ಕೂಡಂಗಿಲ್ಲ. ಅತ್ತಿಯವರು ಸುತ್ತ ದಿಂಬು ಇಟ್ಟು ಕೂಡಸ್ತಾರ. ಪಿಕ್ಲರ್ ಪದ್ಧತಿಯವರು (ಕೂಸು ತಾನಾಗಿ ಮೈ ಆಡಿಸಿ ಕಲೀಲಿ ಅನ್ನೋರು) ಅದು ಬ್ಯಾಡ ಅಂತಾರ, ಮಾಂಟೆಸ್ಸರಿಯವರು (ಕೈಯಾರೆ ಮಾಡಿ ಕಲೀಲಿ ಅನ್ನೋರು) ಕಪಾಟು, ಕನ್ನಡಿ, ಆಟದ ಸಾಮಾನು ಜೋಡಿಸ್ರಿ ಅಂತಾರ. ಮನಿಯಾಗ ಯಾವುದನ್ನ ಹಿಡೀಬೇಕ್ರಿ? ವಾಕರ್ ತರೂ ಮಾತೂ ನಡದೈತಿ.

ಧಾರವಾಡ_ಫಿಸಿಯೋ
ಮೈ ಚಲನೆಗೆ ಪಿಕ್ಲರ್ ಹಿಡೀರಿ. ಎಮ್ಮಿ ಪಿಕ್ಲರ್ ಮಕ್ಕಳ ಡಾಕ್ಟರು, 1946ರಿಂದ ಬುಡಾಪೆಸ್ಟಿನ್ಯಾಗ ಶಿಶುಗೃಹ ನಡೆಸಿದವರು. ಕೂಸು ತಾನಾಗಿ ಬರಲಾರದ ಭಂಗಿಯೊಳಗ ಅದನ್ನ ಇಡಬಾರದು ಅನ್ನೋದು ಅವರ ನಿಯಮ. ದಿಂಬಿನ ನಡುವ ಕೂತ ಕೂಸಿನ ಬೆನ್ನು ಬಾಗತೈತಿ, ಕೈ ಊರೂದ್ರಾಗ ಹೋಗತಾವ, ಉರುಳಿದ್ರ ಮತ್ತ ಏಳಾಕ ಬರೂದಿಲ್ಲ. ನೆಲದ ಮ್ಯಾಲಿದ್ರ ಹೊಳ್ಳಿ, ಮೊಳಕೈ ಊರಿ, ಮಗ್ಗಲಿಂದ ಎದ್ದು ಕೂಡೂ ದಾರಿ ತಾನ ಹುಡುಕತೈತಿ. ಆಗ ಇಳಿಯೂದೂ ಗೊತ್ತಿರತೈತಿ.

ಮೆತ್ತನ್ನ ಗಾದಿ ಬ್ಯಾಡ, ಮೊಳಕೈ ಹೂತು ಹೋಗತೈತಿ. ನವಲಗುಂದದ ಜಮಖಾನದಂಥ ಬಿಗಿ ಹಾಸು, ಸುತ್ತ ಆರಡಿ ಖಾಲಿ ಜಾಗ ಸಾಕು. ಕಾಲಚೀಲ ಜಾರತೈತಿ, ಬರಿಗಾಲ ಇರಲಿ.

ಒಂದು ಮಾತು ಮಾತ್ರ ನಾ ಒಪ್ಪೂದಿಲ್ಲ. ತಾನಾಗಿ ಹೊಳ್ಳೂತನಕ ಅಂಗಾತ ಮಲಗಿಸ್ರಿ ಅಂತಾರ ಪಿಕ್ಲರ್. ಇನ್ನೂ ಹರಿದಾಡದ ಕೂಸನ್ನ ಎಚ್ಚರಿದ್ದಾಗ ದಿನಕ್ಕ ಒಟ್ಟು ಕಡಿಮಿ ಅಂದ್ರೂ 30 ನಿಮಿಷ ಬೋರಲ ಹಾಕ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಹೇಳೈತಿ. ನಿಮ್ಮಾಕಿ ಹೊಳ್ಳತಾಳ, ಹಂಗಾಗಿ ಈ ತಕರಾರು ನಿಮಗಿಲ್ಲ.

ಗದಗ_ಬಾಲಶಿಕ್ಷಕಿ
ಕೈ ಕೆಲಸಕ್ಕ ಮಾಂಟೆಸ್ಸರಿ ಛಲೋ. ಕಪಾಟು ಕೊಳ್ಳೂ ಗರಜಿಲ್ಲ. ಗಿಡ್ಡ ಮಣೆ ಮ್ಯಾಲ ನಾಕು ಸಾಮಾನು ಇಡ್ರಿ, ವಾರಕ್ಕೊಮ್ಮೆ ಒಂದೆರಡು ಬದಲಿಸ್ರಿ. ಗಟ್ಟಿಯಾಗಿ ಕೂಡಾಕ ಬಂದ ಮ್ಯಾಲ ಮುಚ್ಚಳಕ್ಕ ತೂತು ಮಾಡಿದ ಡಬ್ಬಿ, ಒಂದು ಚೆಂಡು ಕೊಡ್ರಿ. ಕಣ್ಣಿಗೆ ಮರೆಯಾದದ್ದು ಎಲ್ಲಿಗೂ ಹೋಗಿಲ್ಲ ಅನ್ನೋದು ಕೂಸಿಗೆ ಇದರಾಗ ತಿಳೀತೈತಿ. ಚೆಂಡಿನ ಅಡ್ಡಳತಿ 4.5 ಸೆಂ.ಮೀ.ಗಿಂತ ಹೆಚ್ಚಿರಲಿ, ಸಣ್ಣದಾದ್ರ ಗಂಟಲಾಗ ಸಿಗತೈತಿ. ಕೂಸು ಆಡ್ಕೊಂತ ಇದ್ದಾಗ "ಹಂಗಲ್ಲ, ಹಿಂಗ" ಅಂತ ನಡುವ ಕೈ ಹಾಕೂದ ದೊಡ್ಡ ತಪ್ಪು.

ಪಿಕ್ಲರ್ ಅಂದ್ರ ಬರೇ ನೆಲ ಅಲ್ಲ. ಎರಿಯೂದು, ಬಟ್ಟಿ ಬದಲಿಸೂದು, ಉಣಿಸೂದೂ ಅಷ್ಟ ಮುಖ್ಯ. ಎತ್ತೂಕಿಂತ ಮೊದಲ ಕೈ ಚಾಚಿ "ಎತ್ತಕೋತೀನಿ ಬಾ" ಅಂದು ಒಂದೀಟು ತಡೀರಿ. ಸ್ವಲ್ಪ ದಿನಕ್ಕ ಕೂಸು ಮೈ ಬಿಗಿ ಮಾಡಿ ತಾನೂ ತಯಾರಾಗತೈತಿ. ಈ ಭಾಗ ಅತ್ತಿಯವರಿಗೆ ಬಿಡ್ರಿ. ದಿನಾ ಎಣ್ಣಿ ಹಚ್ಚಿ ಎರಿಯೂ ಕೈಗೆ ಇದು ಲಗೂನ ಹತ್ತತೈತಿ, ದಿಂಬಿನ ಜಗಳಾನೂ ತಣ್ಣಗಾಗತೈತಿ.

ಧಾರವಾಡ_ಫಿಸಿಯೋ
ವಾಕರ್ ಬಗ್ಗೆ: ಬ್ಯಾಡ್ರಿ. ತುದಿಗಾಲಿಲೆ ತಳ್ಳೂ ರೂಢಿ ಬೀಳತೈತಿ, ಹೊಸ್ತಿಲಕ್ಕ ಬಡದು ಮಗಚತೈತಿ, ಬಿಸಿ ಚಾ ಕೈಗೆ ಸಿಗತೈತಿ. ಕೆನಡಾದಾಗ 2004ರಿಂದ ಮಾರಾಟಾನ ಬಂದ್. ಆಧಾರ ಇಲ್ಲದ ಕೂಡೂದು ಸುಮಾರು 4ರಿಂದ 9, ನಡಿಯೂದು 8ರಿಂದ 18 ತಿಂಗಳೊಳಗ ಯಾವಾಗ ಬಂದ್ರೂ ಸರಿ. 9 ತಿಂಗಳು ದಾಟಿದ್ರೂ ಕೂಡದಿದ್ರ, ಇಲ್ಲಾ ಈಗಿಂದ ಒಂದ ಕೈ ಅಷ್ಟ ಬಳಸಾಕತ್ತಿದ್ರ, ಮಕ್ಕಳ ಡಾಕ್ಟರಿಗೆ ತೋರಸ್ರಿ.